‘ಏಜಾ’ ಮರುಮುದ್ರಣ: ಟೇಪಿನಿಂದ ತಟ್ಟೆಯವರೆಗೆ

‘ಏಜಾ’ ಅಮೆರಿಕದ ಸ್ಟೀಲಿ ಡ್ಯಾನ್ ತಂಡದ ಆರನೆಯ ಆಲ್ಬಂ. 1977ರ ಸೆಪ್ಟೆಂಬರ್‌ನಲ್ಲಿ ಎಬಿಸಿ ರೆಕಾರ್ಡ್ಸ್ ಕಂಪನಿ ಅದನ್ನು ಹೊರತಂದಿತು. ರಾಕ್ ಹಾಡಿನ ಚೌಕಟ್ಟಿನಲ್ಲಿ ಜಾಝ್‌ನ ಸ್ವರಜೋಡಣೆಯನ್ನೂ ಮನೋಧರ್ಮದ ವಾದನವನ್ನೂ ಕೂರಿಸಿದ ಜಾಝ್-ರಾಕ್ ಪ್ರಕಾರದಲ್ಲಿ ಇಷ್ಟು ಜನಪ್ರಿಯವಾದ ಆಲ್ಬಂಗಳು ಕೆಲವೇ. ಅಮೆರಿಕದ ಮಾರಾಟ ಪಟ್ಟಿಯಲ್ಲಿ ಅದು ಮೂರನೆಯ ಸ್ಥಾನಕ್ಕೇರಿತು, ಹತ್ತು ಲಕ್ಷ ಪ್ರತಿಗಳ ಗಡಿ ದಾಟಿ ಪ್ಲಾಟಿನಂ ಎನಿಸಿಕೊಂಡಿತು.

ನಲವತ್ತಾರು ವರ್ಷಗಳ ನಂತರ, 2023ರಲ್ಲಿ, ‘ಏಜಾ’ ವೈನಿಲ್ ತಟ್ಟೆಯಾಗಿ ಎರಡು ರೂಪಗಳಲ್ಲಿ ಮರಳಿ ಬಂತು. ಒಂದು, ಗೆಫೆನ್ ಹೆಸರಿನಲ್ಲಿ ಯೂನಿವರ್ಸಲ್ ಸಂಸ್ಥೆ ತಂದ 180 ಗ್ರಾಂ ತೂಕದ ಸಾಮಾನ್ಯ ಎಲ್‌ಪಿ. ಇನ್ನೊಂದು, ಕ್ಯಾನ್ಸಸ್ ರಾಜ್ಯದ ಸಲೈನಾ ಪಟ್ಟಣದ ಅನಲಾಗ್ ಪ್ರೊಡಕ್ಷನ್ಸ್ ತಂದ ‘ಯುಎಚ್‌ಕ್ಯೂಆರ್’ ಆವೃತ್ತಿ: ನಿಮಿಷಕ್ಕೆ 45 ಸುತ್ತು ತಿರುಗುವ ಎರಡು ತಟ್ಟೆ, ಪೆಟ್ಟಿಗೆ, ಪುಸ್ತಿಕೆ, ಕ್ರಮಸಂಖ್ಯೆ. ಆಗಿನ ಬೆಲೆ 150 ಡಾಲರ್. ಹಾಡುಗಳು ಎರಡರಲ್ಲೂ ಅವೇ ಏಳು. ದುಬಾರಿ ಆವೃತ್ತಿಯ ಬೆಲೆ ಯಾವುದಕ್ಕೆ ಎಂಬುದು ತಿಳಿಯಬೇಕಾದರೆ ಆಲ್ಬಂ ಹೇಗೆ ತಯಾರಾಯಿತು, ಅದರ ಟೇಪುಗಳು ಏನಾದವು, ತಟ್ಟೆಯನ್ನು ಹೇಗೆ ಕೆತ್ತಿ ಅಚ್ಚು ಹಾಕುತ್ತಾರೆ ಎಂಬುದನ್ನು ಸರದಿಯಂತೆ ನೋಡಬೇಕು.

ಸ್ಟುಡಿಯೊದಲ್ಲಿ ಹುಟ್ಟಿದ ಸಂಗೀತ

ಸ್ಟೀಲಿ ಡ್ಯಾನ್ ಎಂದರೆ ಮುಖ್ಯವಾಗಿ ಇಬ್ಬರು: ಹಾಡುತ್ತ ಕೀಬೋರ್ಡ್ ನುಡಿಸುತ್ತಿದ್ದ ಡೊನಾಲ್ಡ್ ಫೇಗನ್, ಗಿಟಾರ್ ಮತ್ತು ಬೇಸ್ ನುಡಿಸುತ್ತಿದ್ದ ವಾಲ್ಟರ್ ಬೆಕರ್. ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನಲ್ಲಿ ಜೊತೆಯಾದ ಇವರಿಬ್ಬರೂ ಜಾಝ್ ಪ್ರಿಯರು. 1974ರಲ್ಲಿ ಊರೂರು ಸುತ್ತಿ ಕಛೇರಿ ಕೊಡುವುದನ್ನು ನಿಲ್ಲಿಸಿ, ಸ್ಟುಡಿಯೊದಲ್ಲೇ ಕುಳಿತು ಆಲ್ಬಂ ಕಟ್ಟುವ ದಾರಿ ಹಿಡಿದರು. ಖಾಯಂ ವಾದ್ಯವೃಂದ ಇಟ್ಟುಕೊಳ್ಳಲಿಲ್ಲ. ಪ್ರತಿ ಹಾಡಿಗೂ ಅದಕ್ಕೆ ಒಪ್ಪುವ ವಾದಕರನ್ನು ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್‌ನಿಂದ ಆರಿಸಿ ಕರೆಸಿದರು. ಗ್ಯಾರಿ ಕಾಟ್ಜ್ ನಿರ್ಮಾಪಕರಾಗಿದ್ದರು.

ಹೀಗಾಗಿ ‘ಏಜಾ’ದ ಏಳು ಹಾಡುಗಳಲ್ಲಿ ಅಂದಿನ ಅಮೆರಿಕದ ಹೆಸರಾಂತ ಸ್ಟುಡಿಯೊ ವಾದಕರ ದೊಡ್ಡ ಸಾಲೇ ಇದೆ. ಎಂಟು ನಿಮಿಷದ ಶೀರ್ಷಿಕೆ ಹಾಡಿನಲ್ಲಿ ವೇಯ್ನ್ ಶಾರ್ಟರ್ ಅವರ ಟೆನರ್ ಸ್ಯಾಕ್ಸೊಫೋನ್, ಅದರ ಕೆಳಗೆ ಕುದಿಯುವ ಸ್ಟೀವ್ ಗ್ಯಾಡ್ ಅವರ ಡ್ರಮ್ಸ್. ‘ಹೋಮ್ ಅಟ್ ಲಾಸ್ಟ್’ನಲ್ಲಿ ಬರ್ನಾರ್ಡ್ ಪರ್ಡಿ ಅವರ ಹೆಸರಿನಿಂದಲೇ ಗುರುತಿಸುವ ತೂಗುನಡೆಯ ತಾಳ. ‘ಡೀಕನ್ ಬ್ಲೂಸ್’ನಲ್ಲಿ ಪೀಟ್ ಕ್ರಿಸ್ಟ್‌ಲೀಬ್ ಅವರ ಸ್ಯಾಕ್ಸೊಫೋನ್. ‘ಪೆಗ್’ ಹಾಡಿನ ನಡುವಿನ ಗಿಟಾರ್ ಭಾಗವನ್ನು ಹಲವರಿಂದ ನುಡಿಸಿ, ಒಂದೂ ಮನಸ್ಸಿಗೆ ಬಾರದೆ ಬಿಟ್ಟು, ಕೊನೆಗೆ ಜೇ ಗ್ರೇಡನ್ ನುಡಿಸಿದ್ದನ್ನು ಉಳಿಸಿಕೊಂಡದ್ದು ರಾಕ್ ಸಂಗೀತದ ಚರಿತ್ರೆಯಲ್ಲಿ ಮತ್ತೆಮತ್ತೆ ಹೇಳುವ ಕಥೆ.

ಧ್ವನಿಮುದ್ರಣದಲ್ಲೂ ಅದೇ ಹಟವಿತ್ತು. ರೋಜರ್ ನಿಕಲ್ಸ್, ಎಲಿಯಟ್ ಶೈನರ್, ಬಿಲ್ ಶ್ನೀ, ಅಲ್ ಶ್ಮಿಟ್ ಎಂಬ ನಾಲ್ವರು ಎಂಜಿನಿಯರ್‌ಗಳಿಗೆ ‘ಏಜಾ’ಕ್ಕಾಗಿ ಶಾಸ್ತ್ರೀಯೇತರ ವಿಭಾಗದ ಅತ್ಯುತ್ತಮ ಧ್ವನಿಮುದ್ರಣದ ಗ್ರಾಮಿ ಪ್ರಶಸ್ತಿ ಬಂತು. ಈ ಆಲ್ಬಂನಲ್ಲಿ ಗದ್ದಲವಿಲ್ಲ. ಬೇಸ್ ಗಿಟಾರ್‌ನ ಪ್ರತಿ ಮೀಟು, ತಾಳದ ತಟ್ಟೆಯ ಮೇಲೆ ಕಡ್ಡಿ ಬೀಳುವ ಸದ್ದು, ಹಿನ್ನೆಲೆ ಗಾಯಕರ ಒಂದೊಂದು ಎಳೆ ಬೇರೆಬೇರೆಯಾಗಿ ಕೇಳಿಸುತ್ತದೆ. ಹೊಸ ಸ್ಪೀಕರ್ ಅಥವಾ ಆಂಪ್ಲಿಫೈಯರ್ ಪರೀಕ್ಷಿಸುವವರು ದಶಕಗಳಿಂದ ‘ಏಜಾ’ವನ್ನೇ ಹಾಕಿ ಕೇಳುವುದು ಇದೇ ಕಾರಣಕ್ಕೆ. 2011ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ದಾಖಲೆಗೆ ಸೇರಿಸಿಕೊಂಡಿತು.

ಯಾವ ಟೇಪಿನಿಂದ?

ಹಳೆಯ ಆಲ್ಬಂ ಮರುಮುದ್ರಣವಾಗುವಾಗ ಗಂಭೀರ ಕೇಳುಗರು ಮೊದಲು ಕೇಳುವ ಪ್ರಶ್ನೆ ತಟ್ಟೆಯದಲ್ಲ, ಟೇಪಿನದು. 1970ರ ದಶಕದ ಆಲ್ಬಂ ಒಂದಕ್ಕೆ ಒಂದೇ ‘ಮೂಲ ಟೇಪು’ ಇರುತ್ತಿರಲಿಲ್ಲ. ಸ್ಟುಡಿಯೊದಲ್ಲಿ ಎರಡು ಇಂಚು ಅಗಲದ ಟೇಪಿನ ಮೇಲೆ 24 ಸಾಲುಗಳಲ್ಲಿ ಡ್ರಮ್ಸ್, ಬೇಸ್, ಗಿಟಾರ್, ಗಾಯನಗಳನ್ನು ಪ್ರತ್ಯೇಕವಾಗಿ ಮುದ್ರಿಸುತ್ತಿದ್ದರು. ಇದು ಬಹುಸಾಲಿನ ಟೇಪು. ಅವನ್ನು ಹದವಾಗಿ ಬೆರೆಸಿ ಎಡ-ಬಲ ಎರಡೇ ಸಾಲಿಗೆ ಇಳಿಸಿದರೆ ಸಿಗುವುದು ಮಿಕ್ಸ್ ಟೇಪು; ಸಾಮಾನ್ಯವಾಗಿ ‘ಮಾಸ್ಟರ್’ ಎನ್ನುವುದು ಇದನ್ನೇ. ತಟ್ಟೆ ಕೆತ್ತುವ ಎಂಜಿನಿಯರ್ ಮಂದ್ರ ಮತ್ತು ತಾರ ಸ್ವರಗಳನ್ನು ತಟ್ಟೆಗೆ ಒಪ್ಪುವಂತೆ ಕೊಂಚ ಹೆಚ್ಚುಕಡಿಮೆ ಮಾಡುತ್ತಾರೆ. ಆ ತಿದ್ದುಪಡಿಯನ್ನೂ ಸೇರಿಸಿ ಮಾಡಿದ ನಕಲು ಟೇಪುಗಳು ಬೇರೆ ಕಾರ್ಖಾನೆಗಳಿಗೆ, ಬೇರೆ ದೇಶಗಳಿಗೆ ಹೋಗುತ್ತಿದ್ದವು. ಇವಲ್ಲದೆ, ಅಪಾಯಕ್ಕೆಂದು ಎತ್ತಿಡುವ ಪ್ರತಿಗಳೂ ಇರುತ್ತಿದ್ದವು.

ಕಾಂತೀಯ ಟೇಪನ್ನು ನಕಲು ಮಾಡಿದಾಗಲೆಲ್ಲ ಹಿಸ್ ಎನ್ನುವ ಹಿನ್ನೆಲೆ ಸದ್ದು ಸ್ವಲ್ಪ ಏರುತ್ತದೆ, ಸೂಕ್ಷ್ಮ ವಿವರ ಸ್ವಲ್ಪ ಕರಗುತ್ತದೆ. ಆದ್ದರಿಂದ ಟೇಪು ಮೂಲಕ್ಕೆ ಎಷ್ಟು ಹತ್ತಿರವೋ ಮರುಮುದ್ರಣಕ್ಕೆ ಅಷ್ಟು ಬೆಲೆ.

‘ಏಜಾ’ದ ತೊಡಕು ಇರುವುದೇ ಇಲ್ಲಿ. 1999ರಲ್ಲಿ ಆಲ್ಬಂನ ಸಿಡಿ ಮರುಬಿಡುಗಡೆಯಾದಾಗ ಬೆಕರ್ ಮತ್ತು ಫೇಗನ್ ಅದರ ಪುಸ್ತಿಕೆಯಲ್ಲಿ ಒಂದು ಸಂಗತಿ ಬರೆದರು. ಸುತ್ತುಧ್ವನಿಯ ಹೊಸ ಮಿಕ್ಸ್ ಮಾಡಲೆಂದು ಬಹುಸಾಲಿನ ಟೇಪುಗಳನ್ನು ತರಿಸಿಕೊಂಡಾಗ ‘ಬ್ಲ್ಯಾಕ್ ಕೌ’ ಮತ್ತು ಶೀರ್ಷಿಕೆ ಹಾಡಿನ ಟೇಪುಗಳು ಎಲ್ಲೂ ಸಿಗಲಿಲ್ಲ. ಸುಳಿವು ಕೊಟ್ಟವರಿಗೆ 600 ಡಾಲರ್ ಬಹುಮಾನವನ್ನೂ ತಮ್ಮ ಎಂದಿನ ಚೇಷ್ಟೆಯ ಧಾಟಿಯಲ್ಲಿ ಘೋಷಿಸಿದ್ದರು.

2022ರಲ್ಲಿ ಫೇಗನ್ ಉಸ್ತುವಾರಿಯಲ್ಲಿ ತಂಡದ 1972ರಿಂದ 1980ರವರೆಗಿನ ಏಳೂ ಆಲ್ಬಂಗಳ ಮರುಮುದ್ರಣ ಸರಣಿಯ ಘೋಷಣೆಯಾಯಿತು. (ಬೆಕರ್ 2017ರಲ್ಲೇ ತೀರಿಕೊಂಡಿದ್ದರು.) ಸರಣಿಗೆ ಮೂಲ ಅನಲಾಗ್ ಟೇಪುಗಳನ್ನೇ ಬಳಸಲಾಗುವುದು, ಆದರೆ ಎರಡು ಆಲ್ಬಂಗಳಿಗೆ ಅದು ಸಾಧ್ಯವಿಲ್ಲ ಎಂದು ಪ್ರಕಟಣೆಯೇ ತಿಳಿಸಿತು: ‘ಏಜಾ’ ಮತ್ತು ಅದರ ನಂತರದ ‘ಗಾಚೊ’. ಈ ಎರಡರ ಮೂಲ ಎರಡು ಸಾಲಿನ ಮಿಕ್ಸ್ ಟೇಪುಗಳು ಕಂಪನಿಗೆ ತಲುಪಿದ್ದಕ್ಕೆ ದಾಖಲೆಯಿಲ್ಲ, ಅವು ಈಗ ಉಳಿದಿಲ್ಲವೆಂದೇ ಭಾವಿಸಬೇಕು ಎಂಬುದು ಅದರ ಸಾರ. ‘ಏಜಾ’ಕ್ಕೆ ಬಳಸಿದ್ದು ಒಂದು ಅನಲಾಗ್ ನಕಲು, ಮಂದ್ರ-ತಾರಗಳ ತಿದ್ದುಪಡಿ ಸೇರದ ನಕಲು.

ಈ ಕೊನೆಯ ವಿವರ ಸಣ್ಣದಲ್ಲ. ತಿದ್ದುಪಡಿ ಸೇರಿದ ನಕಲಿನಲ್ಲಿ 1977ರ ಎಲ್‌ಪಿಗೆಂದು ಮಾಡಿದ ಏರಿಳಿತಗಳು ಸ್ವರಗಳೊಂದಿಗೆ ಬೆರೆತುಹೋಗಿರುತ್ತವೆ. ಅವನ್ನು ಪೂರ್ತಿ ಹಿಂದೆ ತೆಗೆಯಲಾಗದು. ತಿದ್ದದ ನಕಲು ಮೂಲಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದರೂ ಸ್ಟುಡಿಯೊದಲ್ಲಿ ಒಪ್ಪಿದ ಮಿಕ್ಸ್‌ನ ಸಮತೋಲವನ್ನು ಹಾಗೆಯೇ ಹೊತ್ತಿರುತ್ತದೆ. ಇಂದಿನ ಎಂಜಿನಿಯರ್ ಅಲ್ಲಿಂದ ತನ್ನ ಕೆಲಸ ಹೊಸದಾಗಿ ಆರಂಭಿಸಬಹುದು.

ನಕಲು ಎಂಬುದನ್ನು ಮುಚ್ಚಿಡದೆ ಹೇಳಿದ್ದಕ್ಕೂ ಒಂದು ಹಿನ್ನೆಲೆಯಿದೆ. ದುಬಾರಿ ಮರುಮುದ್ರಣಗಳಿಗೆ ಹೆಸರಾದ ಮೊಬೈಲ್ ಫಿಡೆಲಿಟಿ ಕಂಪನಿ ತನ್ನ ಹಲವು ತಟ್ಟೆಗಳ ತಯಾರಿಯಲ್ಲಿ ಮೂಲ ಟೇಪನ್ನು ಮೊದಲು ಡಿಜಿಟಲ್ ರೂಪಕ್ಕೆ ಇಳಿಸಿಕೊಂಡು ಕೆತ್ತುತ್ತಿತ್ತು ಎಂಬುದು 2022ರ ಬೇಸಿಗೆಯಲ್ಲಿ ಹೊರಬಿತ್ತು. ಆ ತಟ್ಟೆಗಳು ಪೂರ್ತಿ ಅನಲಾಗ್ ಎಂದು ನಂಬಿ ಕೊಂಡಿದ್ದವರು ಸಿಟ್ಟಿಗೆದ್ದರು, ವಿಷಯ ಕೋರ್ಟು ಮೆಟ್ಟಿಲೇರಿತು. ವಿಚಿತ್ರವೆಂದರೆ, ಅದೇ ತಟ್ಟೆಗಳನ್ನು ಅಲ್ಲಿಯವರೆಗೆ ಅನಲಾಗ್ ಧ್ವನಿಯ ಮಾದರಿ ಎಂದು ಹೊಗಳಿದವರು ಬಹಳ ಮಂದಿ. ಕಿವಿಗೆ ಗೊತ್ತಾಗದ ಹಂತವೊಂದು ಕಾಗದದ ಮೇಲೆ ಗೊತ್ತಾದಾಗ ಬೆಲೆಯೂ ನಂಬಿಕೆಯೂ ಅಲುಗಾಡಿದವು. ಅಲ್ಲಿಂದೀಚೆಗೆ ತಟ್ಟೆಯ ವಂಶಾವಳಿಯನ್ನು ಬಿಡಿಸಿ ಹೇಳುವುದು ಈ ವ್ಯಾಪಾರದಲ್ಲಿ ಅನಿವಾರ್ಯವಾಗಿದೆ.

ಕೆತ್ತನೆ

ಟೇಪಿನ ನಂತರದ ಹಂತ ಕೆತ್ತನೆ. ಯುಎಚ್‌ಕ್ಯೂಆರ್ ‘ಏಜಾ’ದ ಮಾಸ್ಟರಿಂಗ್, ಅಂದರೆ ಸ್ವರಗಳನ್ನು ತಟ್ಟೆಗೆ ಒಪ್ಪುವಂತೆ ಹದಗೊಳಿಸುವ ಕೆಲಸ, ಮಾಡಿದವರು ಬರ್ನಿ ಗ್ರಂಡ್‌ಮನ್. 1977ರಲ್ಲಿ ಆಲ್ಬಂ ಮೊದಲು ಹೊರಬಂದಾಗ ಎ ಆಂಡ್ ಎಂ ಸ್ಟುಡಿಯೊದಲ್ಲಿ ಈ ಕೆಲಸ ಮಾಡಿದವರೂ ಅವರೇ. 1984ರಲ್ಲಿ ಹಾಲಿವುಡ್‌ನಲ್ಲಿ ಸ್ವಂತ ಸ್ಟುಡಿಯೊ ತೆರೆದ ಅವರು ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಅದೇ ಆಲ್ಬಂಗೆ ಎರಡನೆಯ ಸಲ ಕೈಹಚ್ಚಿದರು.

ಕೆತ್ತನೆಗೆ ಬಳಸುವುದು ಲ್ಯಾಕರ್ ಎಂಬ ಮೆದು ಲೇಪನವಿರುವ ಅಲ್ಯುಮಿನಿಯಂ ತಟ್ಟೆ. ಟೇಪಿನಿಂದ ಬಂದ ವಿದ್ಯುತ್ ಸಂಕೇತಕ್ಕೆ ತಕ್ಕಂತೆ ಅದುರುವ ಮೊನೆ, ತಿರುಗುವ ಲ್ಯಾಕರ್ ಮೇಲೆ ಹೊರ ಅಂಚಿನಿಂದ ಒಳಕ್ಕೆ ಒಂದೇ ಉದ್ದನೆಯ ಗೀರು ಎಳೆಯುತ್ತದೆ. ಸ್ಟೀರಿಯೊದ ಎರಡು ಭಾಗಗಳು ಆ ಗೀರಿನ ಎರಡು ಗೋಡೆಗಳಲ್ಲಿ ಕೂರುತ್ತವೆ. ಮಂದ್ರ ಸ್ವರಗಳನ್ನು ಇದ್ದ ಹಾಗೆಯೇ ಕೆತ್ತಿದರೆ ಗೀರು ವಿಪರೀತ ಓಲಾಡಿ ಪಕ್ಕದ ಗೀರಿಗೆ ತಾಗುತ್ತದೆ. ಹಾಗಾಗಿ ಕೆತ್ತುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ಮನೆಯಲ್ಲಿ ಟರ್ನ್‌ಟೇಬಲಿಗೆ ಜೋಡಿಸುವ ಫೋನೊ ಆಂಪ್ಲಿಫೈಯರ್ ಅದನ್ನು ತಿರುಗಿಸಿ ಸರಿಮಾಡುತ್ತದೆ. 1950ರ ದಶಕದಿಂದ ಜಗತ್ತಿನ ಬಹುಪಾಲು ಎಲ್‌ಪಿಗಳು ಪಾಲಿಸುತ್ತ ಬಂದಿರುವ ಈ ಅಳತೆಗೆ ಆರ್‌ಐಎಎ ಎಂದು ಹೆಸರು.

ಸಾಮಾನ್ಯ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗಿದರೆ, ಯುಎಚ್‌ಕ್ಯೂಆರ್ ‘ಏಜಾ’ 45 ಸುತ್ತು ತಿರುಗುತ್ತದೆ. ಇದರಿಂದ ಆಗುವ ಲಾಭವನ್ನು ಲೆಕ್ಕದಲ್ಲೇ ಕಾಣಬಹುದು. 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ, 33⅓ ಸುತ್ತಿನ ವೇಗದಲ್ಲಿ, ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹಾದುಹೋಗುತ್ತದೆ. ತಟ್ಟೆಯ ಒಳತುದಿಗೆ ಬರುವಷ್ಟರಲ್ಲಿ ಅದು ಸುಮಾರು 21 ಸೆಂಟಿಮೀಟರಿಗೆ ಇಳಿದಿರುತ್ತದೆ. ಸುತ್ತಿನ ವೇಗ ಅದೇ, ಸುತ್ತಳತೆ ಮಾತ್ರ ಕಿರಿದು. ಅಂದರೆ ಅದೇ ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು.

ತಾಳದ ತಟ್ಟೆಯ ಝಣತ್ಕಾರದಲ್ಲಿ ಸೆಕೆಂಡಿಗೆ 10,000 ಕಂಪನಗಳ ಸ್ವರ ಸಾಮಾನ್ಯ. ಅಂಥ ಒಂದು ಅಲೆಗೆ ಹೊರ ಅಂಚಿನಲ್ಲಿ ಸಿಗುವ ಉದ್ದ 51 ಮೈಕ್ರಾನ್, ಒಳತುದಿಯಲ್ಲಿ 21 ಮೈಕ್ರಾನ್. ಸಾಧಾರಣ ಗುಂಡುತುದಿಯ ಮುಳ್ಳಿನ ತ್ರಿಜ್ಯವೇ ಸುಮಾರು 18 ಮೈಕ್ರಾನ್. ಅಷ್ಟು ದಪ್ಪದ ತುದಿ ಅಷ್ಟು ಕಿರಿದಾದ ತಿರುವಿನೊಳಗೆ ಪೂರ್ತಿ ಇಳಿಯಲಾರದು. ಸ್ವರ ಮಸುಕಾಗುತ್ತದೆ, ‘ಸ’ಕಾರಗಳು ಒಡೆಯುತ್ತವೆ. 45 ಸುತ್ತಿನಲ್ಲಿ ಈ ಎರಡು ವೇಗಗಳು ಕ್ರಮವಾಗಿ ಸುಮಾರು 69 ಮತ್ತು 28 ಸೆಂಟಿಮೀಟರಿಗೆ ಏರುತ್ತವೆ. ಪ್ರತಿ ಅಲೆಗೂ ಮೊದಲಿಗಿಂತ ಮೂರನೆಯ ಒಂದು ಭಾಗಕ್ಕೂ ಮೀರಿದ ಹೆಚ್ಚುವರಿ ಜಾಗ ದಕ್ಕುತ್ತದೆ.

1977ರ ಎಲ್‌ಪಿಯಲ್ಲಿ ‘ಬ್ಲ್ಯಾಕ್ ಕೌ’, ‘ಏಜಾ’, ‘ಡೀಕನ್ ಬ್ಲೂಸ್’ ಮೂರೂ ಮೊದಲ ಬದಿಯಲ್ಲಿದ್ದವು, ಒಟ್ಟು ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಏಳೂವರೆ ನಿಮಿಷದ ‘ಡೀಕನ್ ಬ್ಲೂಸ್’ ಬದಿಯ ಕೊನೆಯ ಹಾಡು. ಅದರ ಕೊನೆಯಲ್ಲಿ ಸ್ಯಾಕ್ಸೊಫೋನ್ ಏರುತ್ತ ಹೋಗುವಾಗ ಮುಳ್ಳು ಒಳಗಿನ ಇಕ್ಕಟ್ಟಿನ ಗೀರುಗಳಲ್ಲಿ ಇರುತ್ತದೆ. ಎರಡನೆಯ ಬದಿಯಲ್ಲಿ ಈ ಪಾಡು ‘ಜೋಸಿ’ ಹಾಡಿನದು. ಯುಎಚ್‌ಕ್ಯೂಆರ್‌ನಲ್ಲಿ ನಲವತ್ತು ನಿಮಿಷದ ಆಲ್ಬಂ ನಾಲ್ಕು ಬದಿಗೆ ಹರಡಿರುವುದರಿಂದ ಸರಾಸರಿ ಬದಿಗೆ ಹತ್ತೇ ನಿಮಿಷ. ಗೀರುಗಳನ್ನು ಸಡಿಲವಾಗಿ ಬಿಡಿಸಿ ಕೆತ್ತಬಹುದು, ಧ್ವನಿಯ ಮಟ್ಟ ಏರಿಸಬಹುದು, ತೀರ ಒಳಗಿನವರೆಗೆ ಹೋಗದೆ ನಿಲ್ಲಿಸಬಹುದು. ಈ ಆವೃತ್ತಿಯಲ್ಲಿ ಅಳತೆಗೆ ಸಿಗುವ ದೊಡ್ಡ ಲಾಭ ಇದೇ. ಇದಕ್ಕೆ ತೆರುವ ದಂಡವೂ ಇದೆ: ಹತ್ತು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುಗಿಸಬೇಕು.

ಅಚ್ಚು

ಕೆತ್ತಿದ ಲ್ಯಾಕರ್ ಮೆದು. ಅದರಿಂದ ನೇರವಾಗಿ ಅಚ್ಚು ಹಾಕಲಾಗದು. ಅದರ ಮೇಲೆ ಬೆಳ್ಳಿಯ ತೆಳುಪದರ ಸಿಂಪಡಿಸಿ, ವಿದ್ಯುತ್ ಲೇಪನದ ತೊಟ್ಟಿಯಲ್ಲಿ ನಿಕ್ಕಲ್ ಬೆಳೆಸಿ ಬಿಡಿಸಿದರೆ ಗೀರುಗಳು ಉಬ್ಬುಗಳಾಗಿ ಮೂಡಿದ ಲೋಹದ ಪಡಿಯಚ್ಚು ಸಿಗುತ್ತದೆ. ಕಸುಬಿನಲ್ಲಿ ಇದಕ್ಕೆ ‘ಫಾದರ್’ ಎನ್ನುತ್ತಾರೆ. ಅದರಿಂದ ‘ಮದರ್’, ಮದರ್‌ನಿಂದ ಅಚ್ಚುಯಂತ್ರಕ್ಕೆ ಕೂರಿಸುವ ‘ಸ್ಟ್ಯಾಂಪರ್’. ಒಂದು ಸ್ಟ್ಯಾಂಪರ್ ಹೆಚ್ಚು ಬಳಸಿದಷ್ಟೂ ಸವೆಯುತ್ತದೆ. ಒಳ್ಳೆಯ ಕಾರ್ಖಾನೆ ಅದನ್ನು ಬೇಗ ಬದಲಿಸುತ್ತದೆ. ಬೆಲೆ ಏರುವ ಒಂದು ಕಾರಣ ಇದು.

ಯುಎಚ್‌ಕ್ಯೂಆರ್ ತಟ್ಟೆಗಳನ್ನು ಅನಲಾಗ್ ಪ್ರೊಡಕ್ಷನ್ಸ್‌ನ ಮಾಲೀಕ ಚಾಡ್ ಕಾಸೆಮ್ ಅವರದೇ ಆದ ಸಲೈನಾದ ಕ್ವಾಲಿಟಿ ರೆಕಾರ್ಡ್ ಪ್ರೆಸಿಂಗ್ಸ್ ಕಾರ್ಖಾನೆಯಲ್ಲಿ, ಕೈಯಿಂದ ನಡೆಸುವ ಯಂತ್ರದಲ್ಲಿ ಅಚ್ಚು ಹಾಕುತ್ತಾರೆ. ಬಿಸಿ ವೈನಿಲ್ ಉಂಡೆಯನ್ನು ಎರಡು ಸ್ಟ್ಯಾಂಪರ್‌ಗಳ ನಡುವೆ ಇಟ್ಟು, ಉಗಿಯ ಕಾವಿನಲ್ಲಿ ಒತ್ತಿ, ನೀರು ಹಾಯಿಸಿ ತಣಿಸಿ, ಅಂಚು ಕತ್ತರಿಸಿ ತೆಗೆಯುತ್ತಾರೆ. ಪೂರ್ತಿ ತಣಿಯುವ ಮುನ್ನ ಅವಸರಿಸಿ ತೆಗೆದರೆ ತಟ್ಟೆ ಸೊಟ್ಟಗಾಗುತ್ತದೆ. ಸ್ವಯಂಚಾಲಿತ ಯಂತ್ರಕ್ಕೆ ಹೋಲಿಸಿದರೆ ಈ ಕೆಲಸ ನಿಧಾನ.

ವಸ್ತುವಿನಲ್ಲೂ ಬದಲಾವಣೆಯಿದೆ. ಎಲ್‌ಪಿಗೆ ಕಪ್ಪು ಬಣ್ಣ ಬರುವುದು ವೈನಿಲ್‌ಗೆ ಬೆರೆಸುವ ಇಂಗಾಲದ ಪುಡಿಯಿಂದ. ಯುಎಚ್‌ಕ್ಯೂಆರ್‌ಗೆ ಬಳಸುವ ‘ಕ್ಲ್ಯಾರಿಟಿ ವೈನಿಲ್’ನಲ್ಲಿ ಆ ಪುಡಿಯಿಲ್ಲ; ತಟ್ಟೆ ಹೆಚ್ಚುಕಡಿಮೆ ಪಾರದರ್ಶಕ. ಪುಡಿಯಿಲ್ಲದಿದ್ದರೆ ಹಿನ್ನೆಲೆಯ ಸದ್ದು ಇನ್ನೂ ಕಡಿಮೆ ಎಂಬುದು ತಯಾರಕರ ವಾದ. ತೂಕ 200 ಗ್ರಾಂ. ಹಳೆಯ ಸಾಧಾರಣ ಎಲ್‌ಪಿ 120ರಿಂದ 140 ಗ್ರಾಂ. ಸಾಮಾನ್ಯ ತಟ್ಟೆಯ ಅಂಚು ಮತ್ತು ನಡುಭಾಗ ಕೊಂಚ ದಪ್ಪಗಿದ್ದು ಅವೆರಡರ ನಡುವಿನ ಗೀರುಗಳ ಜಾಗ ತೆಳುವಾಗಿರುತ್ತದೆ. ಯುಎಚ್‌ಕ್ಯೂಆರ್ ಉದ್ದಕ್ಕೂ ಒಂದೇ ದಪ್ಪದ್ದಾದ್ದರಿಂದ ಮುಳ್ಳು ಎಲ್ಲ ಕಡೆಯೂ ನೆಟ್ಟಗೆ ನಿಲ್ಲುತ್ತದೆ. ಈ ಕಲ್ಪನೆ ಹೊಸದಲ್ಲ. 1980ರ ದಶಕದ ಆರಂಭದಲ್ಲಿ ಜಪಾನಿನ ಜೆವಿಸಿ ಕಂಪನಿ ಇದೇ ಹೆಸರಿನ 200 ಗ್ರಾಂ ತಟ್ಟೆಗಳನ್ನು ಅಚ್ಚು ಹಾಕಿತ್ತು. ಸಿಡಿ ಬಂದ ಮೇಲೆ ಅದು ಮರೆಗೆ ಸರಿಯಿತು.

ತೂಕದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ದಪ್ಪ ತಟ್ಟೆ ಸುಲಭವಾಗಿ ಸೊಟ್ಟಗಾಗದು, ಕೈಗೆ ಭಾರವಾಗಿ ಸಿಗುತ್ತದೆ. ಆದರೆ ಗೀರಿನ ಆಳ, ಅಗಲಗಳು 120 ಗ್ರಾಂ ತಟ್ಟೆಯಲ್ಲೂ ಅಷ್ಟೇ. ಕೆಟ್ಟ ಟೇಪಿನಿಂದ ಕೆತ್ತಿದ್ದನ್ನು 200 ಗ್ರಾಂ ವೈನಿಲ್ ಒಳ್ಳೆಯದು ಮಾಡಲಾರದು.

ಯಾರಿಗೆ, ಎಷ್ಟು?

ವೈನಿಲ್ ಇಂದು ಮೂಲೆಗುಂಪಾದ ಹವ್ಯಾಸವಲ್ಲ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವೈನಿಲ್ ಆಲ್ಬಂಗಳು ಮಾರಾಟವಾದರೆ ಸಿಡಿಗಳು 3.3 ಕೋಟಿ. 1987ರ ನಂತರ ಪ್ರತಿಗಳ ಸಂಖ್ಯೆಯಲ್ಲಿ ತಟ್ಟೆ ಸಿಡಿಯನ್ನು ಹಿಂದಿಕ್ಕಿದ್ದು ಅದೇ ಮೊದಲು. ಇದರರ್ಥ ತಟ್ಟೆಯ ಧ್ವನಿ ಸಿಡಿಗಿಂತ ನಿಖರ ಎಂದಲ್ಲ. ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವಿನ ಅಂತರ ಸಿಡಿಯಲ್ಲಿ ಸುಮಾರು 96 ಡೆಸಿಬೆಲ್, ಒಳ್ಳೆಯ ಎಲ್‌ಪಿಯಲ್ಲಿ 70ರ ಆಸುಪಾಸು. ತಟ್ಟೆಯನ್ನು ಮೆಚ್ಚುವವರು ಮೆಚ್ಚುವುದು ಅದರ ಸ್ವರದ ಗುಣವನ್ನು, ಒಂದು ಕಡೆ ಕೂತು ಕೇಳುವ ರೀತಿಯನ್ನು, ಕೈಯಲ್ಲಿ ಹಿಡಿಯಬಹುದಾದ ದೊಡ್ಡ ಹೊದಿಕೆಯನ್ನು. ‘ಏಜಾ’ದ ಹೊದಿಕೆಯಂತೂ ಹೆಸರುವಾಸಿ: ಕಪ್ಪು ಹಿನ್ನೆಲೆಯಲ್ಲಿ ಜಪಾನಿನ ರೂಪದರ್ಶಿ ಸಯೊಕೊ ಯಾಮಾಗುಚಿ, ಚಿತ್ರ ತೆಗೆದವರು ಹಿಡೆಕಿ ಫುಜಿ.

‘ಏಜಾ’ ಬೇಕೆನ್ನುವವರಿಗೆ ಮೂರು ದಾರಿಗಳಿವೆ. ಲಕ್ಷಾಂತರ ಸಂಖ್ಯೆಯಲ್ಲಿ ಅಚ್ಚಾದ 1977ರ ಅಮೆರಿಕದ ಮುದ್ರಣ ಹಳೆಯ ರೆಕಾರ್ಡ್ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಟೇಪು ಹೊಸದಾಗಿದ್ದಾಗ ಮಾಸ್ಟರಿಂಗ್ ಆದದ್ದು ಅದು, ಅದೂ ಗ್ರಂಡ್‌ಮನ್ ಕೈಯಲ್ಲೇ. ಆದರೆ ಗೀರು ಸವೆಯದ ಪ್ರತಿಯನ್ನು ಹುಡುಕಬೇಕು. 2023ರ ಸಾಮಾನ್ಯ ಎಲ್‌ಪಿ ಹೊಸದು, ಶುಚಿಯಾದದ್ದು, ಕೈಗೆಟಕುವ ಬೆಲೆಯದು. ಯುಎಚ್‌ಕ್ಯೂಆರ್‌ನಲ್ಲಿ 45 ಸುತ್ತಿನ ಅನುಕೂಲ, ನಿಶ್ಶಬ್ದ ವೈನಿಲ್, ಎಚ್ಚರದ ಅಚ್ಚುಗಾರಿಕೆ ಸೇರಿವೆ. ಅವು ಕೇಳಿಸಬೇಕಾದರೆ ಒಳ್ಳೆಯ ಮುಳ್ಳು, ಸರಿಯಾಗಿ ತೂಕ ಹೊಂದಿಸಿದ ಟೋನ್ ಆರ್ಮ್, 45ಕ್ಕೆ ಬದಲಾಯಿಸಬಹುದಾದ ಟರ್ನ್‌ಟೇಬಲ್ ಇರಲೇಬೇಕು. ಸಾಧಾರಣ ಟರ್ನ್‌ಟೇಬಲ್ ಇರುವವರು 150 ಡಾಲರನ್ನು ಮೊದಲು ಮುಳ್ಳಿಗೆ ಹಾಕಿದರೆ ತಮ್ಮಲ್ಲಿರುವ ತಟ್ಟೆಗಳೆಲ್ಲ ಸುಧಾರಿಸುತ್ತವೆ.

ಯಾವುದೇ ದುಬಾರಿ ಮರುಮುದ್ರಣ ಕೊಳ್ಳುವ ಮುನ್ನ ಹೊದಿಕೆಯ ಮೇಲೆ ಮೂರು ವಿವರ ಓದಬೇಕು: ಯಾವ ಟೇಪಿನಿಂದ, ಯಾರು ಕೆತ್ತಿದ್ದು, ಎಲ್ಲಿ ಅಚ್ಚಾದದ್ದು. ಮೂರಕ್ಕೂ ಉತ್ತರವಿಲ್ಲದೆ ಗ್ರಾಂ ಲೆಕ್ಕ ಮಾತ್ರ ದೊಡ್ಡಕ್ಷರದಲ್ಲಿದ್ದರೆ, ಆ ಹಣವನ್ನು ಉಳಿಸಿಕೊಳ್ಳುವುದೇ ಲೇಸು.